ಚಳಿಗಾಲದಲ್ಲಿ ಕೈ ಹತ್ಯಾರಗಳ ಜೋಪಾನ

ಬಿತ್ತಿಗೆ, ನೀರು, ಗೊಬ್ಬರ ಇವುಗಳ ವಿಷಯದಲ್ಲಿ ಒಕ್ಕಲಿಗನು ಎಚ್ಚರದಿಂದಿರುವನು. ಆದರೆ ದಿನವೂ ಹೊಲಕ್ಕೆ ಒಯ್ಯುವ ಕುಡಗೋಲು, ಖುರಪಿ, ಕೊಡಲಿ, ಚಾಟನಿ ಕತ್ತರಿ, ಬ್ಯಾಟರಿ ಇವುಗಳ ಕಡೆಗೆ ಅಷ್ಟು ಲಕ್ಷ್ಯ ಕೊಡುವದಿಲ್ಲ. ಚಳಿಗಾಲದಲ್ಲಿ ಈ ಅಲಕ್ಷ್ಯದಿಂದ ಕೆಲಸ ಕೆಡುವದಲ್ಲದೆ ಕೈಗೂ ಗಾಯವಾಗುವದು.

1. ಕೆಡುವ ಕಾರಣ

ವಿಜಯಪುರ, ತಿಕೋಟಾ, ಬಬಲೇಶ್ವರಗಳು ಗಾಳಿಗೆ ತಡೆಯಿಲ್ಲದ ಬಯಲು ಸೀಮೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ಹಗಲು ಬಿಸಿಲಿದ್ದರೂ ಬೆಳಗಿನ ಜಾವದ ಉಷ್ಣತೆಯು ಕೆಲವು ವರ್ಷ 10 ಡಿಗ್ರಿಗಿಂತ ಕೆಳಗಿಳಿಯುವದು. ಇದರಿಂದ ಮೂರು ತೊಂದರೆಗಳುಂಟು. ಒಣ ಗಾಳಿಗೆ ಕಟ್ಟಿಗೆಯ ಕಾವು ಕುಗ್ಗಿ ಸಡಿಲಾಗುವದು. ಇಬ್ಬನಿ ಕೂತ ಕಬ್ಬಿಣಕ್ಕೆ ತುಕ್ಕು ಹಿಡಿಯುವದು. ಮರಗಟ್ಟಿದ ಬೆರಳಿಗೆ ಹಿಡಿತ ತಪ್ಪುವದು. ಮೂರೂ ಕೂಡಿದಾಗಲೇ ಅಪಾಯವು ಹೆಚ್ಚು.

2. ಕಾವು ಮತ್ತು ಹಿಡಿ

ಸಡಿಲಾದ ಕೊಡಲಿಯನ್ನು ರಾತ್ರಿ ನೀರಿನಲ್ಲಿ ಅದ್ದಿಡುವ ರೂಢಿಯುಂಟು. ನೆನೆದ ಕಟ್ಟಿಗೆಯು ಉಬ್ಬಿ ಬಿಗಿಯಾದಂತೆ ತೋರಿದರೂ, ಒಣಗಿದ ಮೇಲೆ ಮೊದಲಿಗಿಂತ ಹೆಚ್ಚು ಸಡಿಲಾಗುವದು. ಆದಕಾರಣ ಒಣಗಿದ ಗಟ್ಟಿ ಕಟ್ಟಿಗೆಯ ಬೆಣೆಯನ್ನು ಬಡಿಯುವದೇ ಸರಿಯಾದ ಉಪಾಯ. ಕಾವಿಗೆ ಕುಸುಬೆ ಎಣ್ಣೆಯನ್ನು ತೆಳುವಾಗಿ ತಿಕ್ಕಿದರೆ ಅದು ಒಣಗಿ ಪೊರೆಯಾಗಿ ನಿಲ್ಲುವದು. ಹೀಗೆ ತಿಕ್ಕಿದ ಬಟ್ಟೆಯನ್ನು ಮುದ್ದೆಮಾಡಿ ಬಣವೆಯ ಹತ್ತಿರ ಎಸೆಯಕೂಡದು. ಅದು ತಾನಾಗಿ ಕಾದು ಉರಿಯುವ ಸಂಭವವಿದೆ. ಬಯಲಲ್ಲಿ ಹರವಿ ಒಣಗಿಸತಕ್ಕದ್ದು. ಕುಡಗೋಲು, ಖುರಪಿಗಳ ಹಿಡಿಗೆ ಹತ್ತಿಯ ದಾರವನ್ನು ಒತ್ತಾಗಿ ಸುತ್ತಿದರೆ ತಣ್ಣಗಿನ ಕೈಗೆ ಜಾರುವದಿಲ್ಲ.

3. ಅಲಗು

ಸಂಜೆ ಅಲಗನ್ನು ಒರೆಸಿ, ಶೇಂಗಾ ಎಣ್ಣೆಯ ಬಟ್ಟೆಯನ್ನು ಒಮ್ಮೆ ಎಳೆದು, ಮನೆಯೊಳಗೆ ತೂಗುಹಾಕಬೇಕು. ಬದುವಿನ ಮೇಲೆ ಬಿಟ್ಟು ಬರಕೂಡದು. ತಣ್ಣಗಾಗಿದೆಯೆಂದು ಅಲಗನ್ನು ಬೆಂಕಿಗೆ ಹಿಡಿಯುವದು ದೊಡ್ಡ ತಪ್ಪು. ಕಂಬಾರನು ಕೊಟ್ಟ ಹದವು ಇಳಿದು, ಬಾಯಿ ಮೆತ್ತಗಾಗುವದು. ಮೊಂಡ ಅಲಗಿಗೆ ಹೆಚ್ಚು ಬಲ ಬೇಕಾಗುವದು. ಬಲ ಹಾಕಿದ ಕೈಯೇ ಜಾರುವದು.

4. ದ್ರಾಕ್ಷಿಯ ಕತ್ತರಿ

ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ತೋಟದವರು ಕತ್ತರಿಯ ಕೀಲಿಗೆ ಕೊಬ್ಬರಿ ಎಣ್ಣೆ ಹಾಕಬಾರದು. ಅದು ಸುಮಾರು 24 ಡಿಗ್ರಿಗಿಂತ ತಂಪಾದರೆ ಹೆಪ್ಪುಗಟ್ಟುವದರಿಂದ ಬೆಳಿಗ್ಗೆ ಕತ್ತರಿಯು ಬಿಗಿಯುವದು. ಕುಸುಬೆ ಎಣ್ಣೆಯು ಕಾವಿಗೆ ಉತ್ತಮವಾದರೂ ಕೀಲಿನಲ್ಲಿ ಅಂಟಾಗುವದು. ಹೊಲಿಗೆ ಯಂತ್ರದ ತೆಳು ಎಣ್ಣೆ ಒಂದೆರಡು ಹನಿ ಸಾಕು. ಬೋರ್ಡೋ ದ್ರಾವಣ ತಗಲಿದ ಕತ್ತರಿಯನ್ನು ಅಂದೇ ತೊಳೆದು ಒಣಗಿಸಬೇಕು. ಅದರಲ್ಲಿಯ ಮೈಲುತುತ್ತವು ಕಬ್ಬಿಣವನ್ನು ತಿನ್ನುವದು.

5. ಕುಸುಬೆಯ ಒಕ್ಕಲಿಗೆ

ಇಬ್ಬನಿಗೆ ಮುಳ್ಳು ಮೆತ್ತಗಿರುವ ಬೆಳಗಿನ ಹೊತ್ತಿನಲ್ಲಿಯೇ ಕುಸುಬೆ ಕೊಯ್ಯುವದು ರೂಢಿ. ಮರಗಟ್ಟಿದ ಕೈಗೆ ಮುಳ್ಳು ಚುಚ್ಚಿದ್ದೂ ತಿಳಿಯದಾದ್ದರಿಂದ ದಪ್ಪ ಬಟ್ಟೆಯ ಕೈಚೀಲ ತೊಡಬೇಕು. ಒಂದು ಜೋಡಿ ತೊಯ್ದಾಗ ಬದಲಿಸಲು ಇನ್ನೊಂದು ಒಣ ಜೋಡಿ ಇರಲಿ. ತೊಯ್ದ ಹತ್ತಿಬಟ್ಟೆಯು ಕೈಯನ್ನು ಇನ್ನಷ್ಟು ತಣ್ಣಗೆ ಮಾಡುವದು.

6. ರಾತ್ರಿಯ ನೀರು

ರಾತ್ರಿಯ ಪಾಳಿಯಲ್ಲಿ ನೀರು ಕಟ್ಟಲು ಹೋಗುವವನು ಬ್ಯಾಟರಿಯನ್ನು ಕಂಬಳಿಯ ಒಳಗೆ ಇಟ್ಟುಕೊಳ್ಳಬೇಕು. ತಂಪಿಗೆ ಅದರ ಬಲ ಕುಂದುವದು. ಕಡ್ಡಿಪೆಟ್ಟಿಗೆಯನ್ನು ಮುಚ್ಚಳದ ಡಬ್ಬಿಯಲ್ಲಿ ಒಯ್ಯತಕ್ಕದ್ದು. ತೊಯ್ದ ಕೈಯಿಂದ ಪಂಪಿನ ಸ್ಟಾರ್ಟರನ್ನು ಎಂದೂ ಮುಟ್ಟಕೂಡದು.

7. ಜಮೀನುದಾರರ ಹೊಣೆ

ಕೂಲಿಯಾಳಿನ ಕೈಗೆ ಕೊಡುವ ಹತ್ಯಾರವನ್ನು ಮೊದಲು ತಾವೇ ಅಲುಗಾಡಿಸಿ ನೋಡುವದು ಜಮೀನುದಾರರ ಕರ್ತವ್ಯ. ಒಂದು ಬೆಣೆಯ ಬೆಲೆ ಏನೂ ಅಲ್ಲ. ಬೆರಳು ಕೊಯ್ದರೆ ಸುಗ್ಗಿಯ ಕೂಲಿಯೆಲ್ಲ ಹೋಗಿ ಮನೆಯೇ ತೊಂದರೆಗೊಳಗಾಗುವದು. ಮಣ್ಣು ತಗಲಿದ ಗಾಯವನ್ನು ಸಾಬೂನು, ನೀರಿನಿಂದ ತೊಳೆದು, ತಡಮಾಡದೆ ದವಾಖಾನೆಗೆ ಕಳಿಸಿ ಧನುರ್ವಾಯುವಿನ ಸೂಜಿ ಹಾಕಿಸಬೇಕೋ ಎಂದು ವಿಚಾರಿಸತಕ್ಕದ್ದು. ಊರ ಹಿರಿಯರು ಚಳಿ ಬೀಳುವ ಮೊದಲೇ ಕಂಬಾರನನ್ನು ಕರೆಯಿಸಿ, ಊರಿನ ಹತ್ಯಾರಗಳನ್ನೆಲ್ಲ ಒಂದೇ ದಿನ ಹದಮಾಡಿಸಿದರೆ ಖರ್ಚೂ ಕಡಿಮೆ, ಬಡವರ ಹತ್ಯಾರವೂ ಹಿಂದುಳಿಯದು.