ಎಳೆಯ ಮಲ್ಲರ ಆಯ್ಕೆಯೂ ಅಳತೆಯ ಮಿತಿಯೂ

ಜಮಖಂಡಿ, ಮುಧೋಳ, ರಬಕವಿ, ಬನಹಟ್ಟಿಗಳ ಸೀಮೆಯಲ್ಲಿ ಜಾತ್ರೆಯೆಂದರೆ ಕುಸ್ತಿಯ ಕಣವೂ ಇರಲೇಬೇಕು. ದೊಡ್ಡ ಪೈಲವಾನರ ಸರದಿ ಬರುವ ಮೊದಲು ಸಣ್ಣ ಹುಡುಗರ ಕುಸ್ತಿಗಳು ನಡೆಯುವುದುಂಟು. ಆಗ ಕಣದ ಹಿರಿಯರು ಹುಡುಗರನ್ನು ಇಬ್ಬಿಬ್ಬರಂತೆ ಭುಜಕ್ಕೆ ಭುಜ ಹಚ್ಚಿ ನಿಲ್ಲಿಸುವರು. ಕೊರಳು, ತೊಡೆ, ಮಣಿಕಟ್ಟುಗಳ ಮೇಲೆ ಒಮ್ಮೆ ಕಣ್ಣಾಡಿಸಿ ಜೋಡಿಯನ್ನು ಗೊತ್ತು ಮಾಡುವರು. ತಕ್ಕಡಿಯಿಲ್ಲ, ಅಳತೆಯ ಪಟ್ಟಿಯಿಲ್ಲ. ಆದರೂ ಜೋಡಿ ಬಹುಮಟ್ಟಿಗೆ ಸರಿಯಾಗಿಯೇ ಇರುವುದು. ಈ ಇಬ್ಬರು ಇಂದು ಸರಿಸಮಾನರೇ ಎಂಬ ಪ್ರಶ್ನೆಗೆ ಪಳಗಿದ ಕಣ್ಣು ಚೆನ್ನಾಗಿ ಉತ್ತರ ಕೊಡಬಲ್ಲುದು.

ಆದರೆ ಈ ಇಬ್ಬರಲ್ಲಿ ಹತ್ತು ವರ್ಷಗಳ ತರುವಾಯ ಯಾರು ಮಲ್ಲನಾಗುವನು ಎಂದು ಕೇಳಿದರೆ ಅದು ಬೇರೆಯೇ ಪ್ರಶ್ನೆಯಾಗುವುದು. ಮೊದಲನೆಯದು ಅಳತೆ, ಎರಡನೆಯದು ಭವಿಷ್ಯ. ಒಂದೇ ಕಣ್ಣು, ಒಂದೇ ಅಳತೆಪಟ್ಟಿ ಎರಡಕ್ಕೂ ಸಾಕೆಂದು ನಾವು ತಿಳಿಯುವುದರಿಂದಲೇ ಎಷ್ಟೋ ಎಳೆಯರ ಬಾಳಿನ ದಿಕ್ಕು ಅವರಿಗರಿವಿಲ್ಲದಂತೆ ಬದಲಾಗುವುದು. ಈ ಎರಡನೆಯ ಪ್ರಶ್ನೆಯನ್ನು ವಿಜ್ಞಾನವು ಹೇಗೆ ಕಾಣುತ್ತದೆ ಎಂಬುದನ್ನು ಇಲ್ಲಿ ವಿಚಾರಿಸೋಣ.

ಹಳೆಯ ಗರಡಿಮನೆಯಲ್ಲಿ ಆಯ್ಕೆಯೆಂಬ ಒಂದು ದಿನವೇ ಇರುತ್ತಿರಲಿಲ್ಲ. ಬಂದ ಹುಡುಗನು ಮಣ್ಣು ಅಗೆದು ಹದಮಾಡುತ್ತ, ಬಸ್ಕಿ ದಂಡೆ ಹೊಡೆಯುತ್ತ ಇರುತ್ತಿದ್ದನು. ಬೇಸತ್ತವನು ತಾನಾಗಿ ಬಿಟ್ಟುಹೋಗುತ್ತಿದ್ದನು. ಉಳಿದವನನ್ನು ವಸ್ತಾದನು ವರ್ಷಗಟ್ಟಲೆ ನೋಡಿ ತಿಳಿಯುತ್ತಿದ್ದನು. ಅವರಲ್ಲಿ ಕೆಲವರು ಹೆಚ್ಚಿನ ಕಲಿಕೆಗಾಗಿ ಕೊಲ್ಹಾಪುರದ ತಾಲೀಮುಗಳಿಗೆ ಹೋಗುತ್ತಿದ್ದರು. ಅಲ್ಲಿ ಶಾಹೂ ಮಹಾರಾಜರು ಕುಸ್ತಿಗೆ ಆಶ್ರಯವಿತ್ತು ಖಾಸಬಾಗ್ ಮೈದಾನವನ್ನು ಕಟ್ಟಿಸಿದ್ದರು. ಅದು 1912ರಲ್ಲಿ ಪೂರ್ಣವಾಯಿತು. ಈ ಕ್ರಮದಲ್ಲಿ ದೋಷಗಳಿರಲಿಲ್ಲವೆಂದಲ್ಲ. ಬಡವನ ಮಗನಿಗೆ ಹಾಲು, ಬಾದಾಮಿಗಳ ಖುರಾಕು ಎಲ್ಲಿಂದ ಬರಬೇಕು? ಆದರೆ ಒಂದು ಗುಣವಂತೂ ಇದ್ದಿತು: ಆಯ್ಕೆ ನಿಧಾನವಾಗಿತ್ತು.

ಇಂದು ಸರ್ಕಾರದ ಕ್ರೀಡಾ ವಸತಿ ನಿಲಯಗಳಿವೆ. ಅಲ್ಲಿ ಊಟ, ವಸತಿ, ಶಾಲೆ, ತರಬೇತಿ ಎಲ್ಲವೂ ದೊರೆಯುವುದರಿಂದ ಖುರಾಕಿನ ತೊಡಕು ಬಹಳಮಟ್ಟಿಗೆ ನೀಗಿದೆ. ಆದರೆ ಸ್ಥಾನಗಳು ಕಡಿಮೆ, ಬರುವ ಮಕ್ಕಳು ಹೆಚ್ಚು. ಆದುದರಿಂದ ಆಯ್ಕೆಯು ಒಂದೆರಡು ದಿನಗಳಲ್ಲಿ ಮುಗಿಯಬೇಕಾಗುತ್ತದೆ. ಎತ್ತರ, ತೂಕ, ಕಿರುದೂರದ ಓಟ, ನಿಂತಲ್ಲಿಂದ ಜಿಗಿತ, ಚೆಂಡಿನ ಎಸೆತ, 800 ಮೀಟರ್ ಓಟ ಮುಂತಾದವುಗಳಿಗೆ ಅಂಕ ಕೊಟ್ಟು ಪಟ್ಟಿ ಮಾಡುವರು. ಇದರಲ್ಲಿ ಪಕ್ಷಪಾತಕ್ಕೆ ಎಡೆ ಕಡಿಮೆ, ನಿಜ. ಗಡಿಯಾರವು ಯಾರ ಮಗನೆಂದು ಕೇಳುವುದಿಲ್ಲ. ಆದರೆ ಗಡಿಯಾರಕ್ಕೆ ಕಾಣದ ಇನ್ನೊಂದು ಪಕ್ಷಪಾತವಿದೆ. ಅದು ದೇಹದ ಬೆಳವಣಿಗೆಯೊಳಗೇ ಅಡಗಿದೆ.

ಮನುಷ್ಯನ ಶರೀರವು ವರ್ಷವರ್ಷಕ್ಕೆ ಸಮನಾಗಿ ಬೆಳೆಯುವುದಿಲ್ಲ. ಬಾಲ್ಯದಲ್ಲಿ ವರ್ಷಕ್ಕೆ ಐದಾರು ಸೆಂಟಿಮೀಟರಿನಂತೆ ಸಾಗುವ ಎತ್ತರವು ಹರೆಯದ ಹೊಸ್ತಿಲಲ್ಲಿ ಒಮ್ಮೆ ಭರದಿಂದ ಏರುವುದು. ಹೆಣ್ಣುಮಕ್ಕಳಲ್ಲಿ ಈ ಏರಿಕೆಯ ಶಿಖರವು ಸರಾಸರಿ 12ನೆಯ ವಯಸ್ಸಿನ ಸುಮಾರಿಗೆ, ಗಂಡುಮಕ್ಕಳಲ್ಲಿ 14ರ ಸುಮಾರಿಗೆ ಬರುವುದು. ಆಗ ಹುಡುಗನು ಒಂದೇ ವರ್ಷದಲ್ಲಿ 9 ಅಥವಾ 10 ಸೆಂಟಿಮೀಟರ್ ಬೆಳೆಯಬಹುದು. ಸ್ನಾಯುಬಲದ ಏರಿಕೆಯು ಇನ್ನೂ ಕೆಲವು ತಿಂಗಳು ತಡೆದು ಹಿಂಬಾಲಿಸುವುದು. ಆದರೆ ಇದು ಸರಾಸರಿಯ ಮಾತು. ಒಬ್ಬನಿಗೆ ಈ ಕಾಲವು ಹನ್ನೆರಡಕ್ಕೇ ಬಂದರೆ ಇನ್ನೊಬ್ಬನಿಗೆ ಹದಿನಾರರವರೆಗೂ ಬಾರದಿರಬಹುದು, ಇಬ್ಬರೂ ಆರೋಗ್ಯವಂತರೇ.

ಒಂದೇ ದಿನ ಹುಟ್ಟಿದ ಹದಿಮೂರು ವರ್ಷದ ಇಬ್ಬರು ಹುಡುಗರನ್ನು ಕಲ್ಪಿಸಿಕೊಳ್ಳಿರಿ. ಒಬ್ಬನ ಎತ್ತರ 162 ಸೆಂಟಿಮೀಟರ್, ಮೀಸೆ ಚಿಗುರುತ್ತಿದೆ. ಇನ್ನೊಬ್ಬನದು 146, ದನಿ ಇನ್ನೂ ಒಡೆದಿಲ್ಲ. ಓಟ, ಜಿಗಿತ, ಎಸೆತ ಮೂರರಲ್ಲಿಯೂ ಮೊದಲನೆಯವನೇ ಮುಂದಾಗುವನು. ಆದರೆ ಅವನ ಬೆಳವಣಿಗೆಯ ಬಹುಭಾಗ ಮುಗಿಯುತ್ತ ಬಂದಿದೆ. ಎರಡನೆಯವನದು ಇನ್ನೂ ಬರಬೇಕಾಗಿದೆ. ಹದಿನೆಂಟಕ್ಕೆ ಇಬ್ಬರೂ ಸಮನಾಗಬಹುದು, ಎರಡನೆಯವನು ಮೀರಲೂಬಹುದು. ಕುಸ್ತಿಯಲ್ಲಿ ತೂಕದ ವರ್ಗಗಳಿರುವುದರಿಂದ ಈ ಅನ್ಯಾಯ ಕಡಿಮೆಯಾಗುವುದೆಂದು ಹೇಳುವರು. ಕಡಿಮೆಯಾಗುವುದು ನಿಜ, ಇಲ್ಲವಾಗುವುದಿಲ್ಲ. ಏಕೆಂದರೆ ಒಂದೇ ತೂಕದಲ್ಲಿಯೂ ಬಲಿತ ಸ್ನಾಯುವಿಗೂ ಎಳೆಯ ಸ್ನಾಯುವಿಗೂ ಅಂತರವಿರುವುದು.

ಇದಕ್ಕೆ ಪಂಚಾಂಗದ ಆಟವೂ ಸೇರಿಕೊಳ್ಳುವುದು. ನಮ್ಮ ಶಾಲಾ ಕ್ರೀಡಾಕೂಟಗಳಲ್ಲಿ 14 ವರ್ಷದೊಳಗಿನವರು, 17 ವರ್ಷದೊಳಗಿನವರು ಎಂಬ ವಿಭಾಗಗಳಿವೆಯಷ್ಟೆ. ರಾಷ್ಟ್ರಮಟ್ಟದ ಶಾಲಾ ಕ್ರೀಡೆಗಳಲ್ಲಿ ವಯಸ್ಸನ್ನು ಜನವರಿ 1ರಿಂದ ಎಣಿಸುವರು. ಹೀಗಾಗಿ ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ವಿಭಾಗದವರು. ಹನ್ನೊಂದು ತಿಂಗಳ ಅಂತರವು ಮುಪ್ಪಿನವರಿಗೆ ಏನೂ ಅಲ್ಲ. ಹದಿಮೂರರ ಹುಡುಗನಿಗೆ ಅದು ಆಯುಷ್ಯದ ಹದಿನಾಲ್ಕರಲ್ಲೊಂದು ಪಾಲು. ಕೆನಡಾ ದೇಶದ ಐಸ್ ಹಾಕಿ ತಂಡಗಳಲ್ಲಿ ಈ ಸಂಗತಿಯನ್ನು ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದರು. ಅಲ್ಲಿಯೂ ಎಣಿಕೆ ಜನವರಿಯಿಂದಲೇ. ಉನ್ನತ ಕಿರಿಯ ತಂಡಗಳಲ್ಲಿ ವರ್ಷದ ಮೊದಲ ಮೂರು ತಿಂಗಳಲ್ಲಿ ಹುಟ್ಟಿದವರ ಸಂಖ್ಯೆಯು ಕೊನೆಯ ಮೂರು ತಿಂಗಳವರ ಹಲವು ಪಟ್ಟು ಇದ್ದಿತು. ಜನವರಿಯ ಮಕ್ಕಳು ಹುಟ್ಟಿನಿಂದಲೇ ಹಾಕಿ ವೀರರೆಂದು ಯಾರೂ ಹೇಳಲಾರರು. ಆಯ್ಕೆಯ ದಿನ ಅವರು ಸ್ವಲ್ಪ ದೊಡ್ಡವರಾಗಿದ್ದರು. ಆರಿಸಿದ್ದರಿಂದ ಒಳ್ಳೆಯ ಗುರುಗಳು ದೊರೆತರು. ಗುರುಗಳು ದೊರೆತದ್ದರಿಂದ ನಿಜವಾಗಿಯೂ ಮುಂದಾದರು. ಕೊನೆಗೆ ಆರಿಸಿದವರ ಮಾತೇ ಸತ್ಯವಾದಂತೆ ಕಂಡಿತು.

ನಮ್ಮ ಕಡೆ ಇನ್ನೊಂದು ತೊಡಕುಂಟು. ಹಿಂದೆ ಜನನ ನೋಂದಣಿಯಿಲ್ಲದ ಮಗುವನ್ನು ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಿಂದ ಜೂನ್ 1 ಎಂದು ಬರೆದುಬಿಡುತ್ತಿದ್ದರು. ಆದ್ದರಿಂದಲೇ ನಮ್ಮ ಹಿರಿಯರಲ್ಲಿ ಅಷ್ಟೊಂದು ಜನ ಒಂದೇ ದಿನ ‘ಹುಟ್ಟಿರುವುದು’! ಕಾಗದದ ವಯಸ್ಸನ್ನು ನಂಬಲಾಗದೆಡೆಯಲ್ಲಿ ಎಲುಬನ್ನು ಕೇಳುವ ಪದ್ಧತಿ ಬಂದಿತು. ಎಡಗೈಯ ಮಣಿಕಟ್ಟಿನ ಎಕ್ಸ್‌ರೇ ತೆಗೆದು, ಎಲುಬುಗಳ ತುದಿಗಳು ಎಷ್ಟು ಬಲಿತಿವೆ, ಎಷ್ಟು ಬೆಸೆದಿವೆ ಎಂಬುದನ್ನು ನೋಡಿ ಅಸ್ಥಿವಯಸ್ಸನ್ನು ನಿರ್ಣಯಿಸುವರು. ಟ್ಯಾನರ್ ಮತ್ತು ವೈಟ್‌ಹೌಸ್ ಎಂಬವರು ರೂಪಿಸಿದ ಈ ಕ್ರಮದ ಮೂರನೆಯ ರೂಪವನ್ನು ಭಾರತದ ಕ್ರಿಕೆಟ್ ಮಂಡಳಿಯು ಕಿರಿಯರ ಪಂದ್ಯಗಳಿಗೆ ಬಳಸಿದೆ. ಆದರೆ ಎಲುಬು ಹೇಳುವುದು ಬೆಳವಣಿಗೆಯ ಹಂತವನ್ನು, ಹುಟ್ಟಿದ ತಾರೀಖನ್ನಲ್ಲ. ಹದಿನಾಲ್ಕು ತುಂಬಿದ ಆರೋಗ್ಯವಂತ ಹುಡುಗನ ಅಸ್ಥಿವಯಸ್ಸು ಹನ್ನೆರಡೂ ಆಗಿರಬಹುದು, ಹದಿನಾರೂ ಆಗಿರಬಹುದು. ಬೇಗ ಬಲಿತ ಪ್ರಾಮಾಣಿಕ ಹುಡುಗನನ್ನು ಸುಳ್ಳುಗಾರನೆಂದು ಮನೆಗೆ ಕಳಿಸುವ ಸಂಭವವು ಇದರಲ್ಲಿ ಇದ್ದೇ ಇದೆ.

ಪರೀಕ್ಷೆಗಳು ಇನ್ನೂ ನಿಖರವಾದರೆ ತೊಂದರೆ ತೀರುವುದಲ್ಲವೇ ಎಂದು ವಾಚಕರು ಕೇಳಬಹುದು. ಕಾಗದ ಪೆನ್ಸಿಲು ತೆಗೆದುಕೊಳ್ಳಿರಿ. ಆಯ್ಕೆಗೆ 1000 ಮಕ್ಕಳು ಬಂದಿರುವರೆಂದೂ, ಅವರಲ್ಲಿ ಮುಂದೆ ನಿಜವಾಗಿ ಶ್ರೇಷ್ಠರಾಗಬಲ್ಲವರು 10 ಮಂದಿಯೆಂದೂ ಭಾವಿಸೋಣ. ನಮ್ಮ ಪರೀಕ್ಷೆ ಅಸಾಧಾರಣವಾದುದೆಂದಿಟ್ಟುಕೊಳ್ಳೋಣ: ಯೋಗ್ಯರಲ್ಲಿ ಹತ್ತಕ್ಕೆ ಒಂಬತ್ತು ಮಂದಿಯನ್ನು ಗುರುತಿಸುವುದು, ಉಳಿದವರಲ್ಲಿಯೂ ಹತ್ತಕ್ಕೆ ಒಂಬತ್ತು ಮಂದಿಯನ್ನು ಸರಿಯಾಗಿ ಬಿಡುವುದು. ಆಗ ಹತ್ತು ಯೋಗ್ಯರಲ್ಲಿ 9 ಜನ ಆಯ್ಕೆಯಾಗುವರು. ಉಳಿದ 990 ಮಂದಿಯಲ್ಲಿ ಹತ್ತನೆಯ ಒಂದು ಪಾಲು, ಎಂದರೆ 99 ಜನ, ತಪ್ಪಾಗಿ ಒಳಗೆ ಬರುವರು. ಒಟ್ಟು 108ರಲ್ಲಿ 9, ಹನ್ನೆರಡಕ್ಕೆ ಒಬ್ಬ! ಪರೀಕ್ಷೆಯಿಲ್ಲದೆ ಚೀಟಿ ಎತ್ತಿದ್ದರೆ ನೂರಕ್ಕೆ ಒಬ್ಬನು ಸಿಕ್ಕುತ್ತಿದ್ದನು. ಆದುದರಿಂದ ಪರೀಕ್ಷೆ ವ್ಯರ್ಥವಲ್ಲ. ಆದರೆ ಅಪರೂಪದ ವಸ್ತುವನ್ನು ಹುಡುಕುವಾಗ ಒಳ್ಳೆಯ ಜರಡಿಯಲ್ಲಿಯೂ ಜೊಳ್ಳೇ ಹೆಚ್ಚು ಉಳಿಯುವುದು. ವಾಸ್ತವದಲ್ಲಿ ಹತ್ತಕ್ಕೆ ಒಂಬತ್ತು ಸರಿಯಾಗುವಂಥ ಪರೀಕ್ಷೆ ಯಾವ ಆಟಕ್ಕೂ ಇಲ್ಲ.

ಹಣವೂ ಯಂತ್ರಗಳೂ ಧಾರಾಳವಾಗಿರುವ ದೇಶದಲ್ಲಿ ಇದು ಹೇಗಿದೆ ಎಂಬುದಕ್ಕೆ ಆಸ್ಟ್ರೇಲಿಯವು ಒಳ್ಳೆಯ ನಿದರ್ಶನ. ಅಲ್ಲಿ ಅಂಡಾಕಾರದ ಚೆಂಡಿನಿಂದ, ಅಂಡಾಕಾರದ ಮೈದಾನದಲ್ಲಿ, ಒಂದೊಂದು ಕಡೆ 18 ಆಟಗಾರರು ಆಡುವ ಅವರದೇ ಫುಟ್‌ಬಾಲ್ ಒಂದಿದೆ. 1986ರಿಂದ ಆ ಆಟದ ವೃತ್ತಿ ತಂಡಗಳು ಹೊಸ ಹುಡುಗರನ್ನು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. ಇದನ್ನು ಡ್ರಾಫ್ಟ್ ಎನ್ನುವರು. ಹಿಂದಿನ ಸಾಲಿನಲ್ಲಿ ಕೊನೆಗೆ ಉಳಿದ ತಂಡಕ್ಕೆ ಮೊದಲ ಸರದಿ. ಬಲಿಷ್ಠರೇ ಎಲ್ಲರನ್ನೂ ಬಾಚಿಕೊಳ್ಳದಿರಲಿ ಎಂಬ ಈ ನಿಯಮವು ನಮಗೆ ಬಹಳ ಹಿಡಿಸಿತು. ಆಯ್ಕೆಗೆ ಮೊದಲು 20 ಮೀಟರ್ ಓಟ, ಜಿಗಿತ, ಚುರುಕುತನ, 2 ಕಿಲೋಮೀಟರ್ ಓಟಗಳ ಪರೀಕ್ಷೆಯುಂಟು. ವರ್ಷವಿಡೀ ಪ್ರತಿನಿಧಿಗಳು ಪಂದ್ಯಗಳನ್ನು ನೋಡಿ ಟಿಪ್ಪಣಿ ಮಾಡಿರುವರು. ಹುಡುಗರು ಆ ವರ್ಷಾಂತ್ಯದೊಳಗೆ 18 ತುಂಬುವವರು, ಎಂದರೆ ಬೆಳವಣಿಗೆ ಬಹುತೇಕ ಮುಗಿದವರು. ಇಷ್ಟಾಗಿಯೂ 1990ರ ಡ್ರಾಫ್ಟಿನಲ್ಲಿ ಜೇಮ್ಸ್ ಹರ್ಡ್ ಎಂಬ ಯುವಕನ ಹೆಸರು ಬಂದದ್ದು 79ನೆಯದಾಗಿ. ಆರು ವರ್ಷಗಳ ಮೇಲೆ, 1996ರಲ್ಲಿ, ಶ್ರೇಷ್ಠ ಆಟಗಾರನಿಗೆ ಸಲ್ಲುವ ಬ್ರೌನ್‌ಲೋ ಪದಕವನ್ನು ಪಡೆದ ಇಬ್ಬರಲ್ಲಿ ಅವನೊಬ್ಬನು. ಹದಿನೆಂಟರ ಯುವಕನಲ್ಲಿಯೇ ಹೀಗಾದರೆ ಹನ್ನೊಂದರ ಬಾಲಕನ ಮಾತೇನು?

ವ್ಯಕ್ತಿಯನ್ನು ಬಿಟ್ಟು ಕುಲವನ್ನೇ ನೋಡಿ ಆರಿಸಿದ ಒಂದು ಪ್ರಸಂಗವು ನಮ್ಮ ರಾಜ್ಯದಲ್ಲಿಯೇ ನಡೆಯಿತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ ಮುಂತಾದ ಕಡೆಗಳಲ್ಲಿ ಸಿದ್ದಿ ಜನಾಂಗದವರಿದ್ದಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರು. 1980ರ ದಶಕದ ಉತ್ತರಾರ್ಧದಲ್ಲಿ ಭಾರತ ಕ್ರೀಡಾ ಪ್ರಾಧಿಕಾರವು ವಿಶೇಷ ಯೋಜನೆಯೊಂದರಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ಓಟ ಮೊದಲಾದ ಕ್ರೀಡೆಗಳಲ್ಲಿ ತರಬೇತಿಗೆ ತೊಡಗಿಸಿತು. ಆಫ್ರಿಕದವರು ಹುಟ್ಟು ಓಟಗಾರರು ಎಂಬುದೇ ಅದರ ಹಿಂದಿನ ತರ್ಕ. ಆದರೆ ಆಫ್ರಿಕವು ಒಂದು ಶರೀರವಲ್ಲ. ಮಾನವ ವಂಶವಾಹಿಗಳ ವೈವಿಧ್ಯವು ಆ ಖಂಡದಲ್ಲಿಯೇ ಅತ್ಯಧಿಕ. ದೂರದ ಓಟದಲ್ಲಿ ಹೆಸರಾದವರು ಬಹುಮಟ್ಟಿಗೆ ಕೀನ್ಯ, ಇಥಿಯೋಪಿಯಗಳ ಎತ್ತರದ ಸೀಮೆಯವರು. ಸಿದ್ದಿಗಳ ವಂಶಸಂಬಂಧವು ಬಾಂಟು ಜನರೊಡನೆ. ಮಕ್ಕಳಲ್ಲಿ ಕೆಲವರು ರಾಷ್ಟ್ರಮಟ್ಟದಲ್ಲಿ ಮಿಂಚಿದರು. ಅಷ್ಟರಲ್ಲಿ, 1993ರಲ್ಲಿ, ಯೋಜನೆ ನಿಂತುಹೋಯಿತು. ಹಲವರು ಊರಿಗೆ ಮರಳಬೇಕಾಯಿತು. ತರ್ಕ ತಪ್ಪಾಗಿದ್ದುದಕ್ಕಿಂತಲೂ, ಮನೆಯಿಂದ ಬಿಡಿಸಿ ತಂದ ಮಕ್ಕಳನ್ನು ನಡುವೆ ಕೈಬಿಟ್ಟದ್ದು ನಮಗೆ ಹೆಚ್ಚು ನೋವಿನ ವಿಷಯವಾಗಿ ತೋರುತ್ತದೆ.

ಹಾಗಾದರೆ ಮಾಡಬೇಕಾದುದೇನು? ಇಂಗ್ಲೆಂಡಿನ ಫುಟ್‌ಬಾಲ್ ಶಾಲೆಗಳಲ್ಲಿ ಹುಡುಗರನ್ನು ಆಗಾಗ ವಯಸ್ಸಿನ ಬದಲು ಬೆಳವಣಿಗೆಯ ಹಂತಕ್ಕೆ ತಕ್ಕಂತೆ ಗುಂಪು ಮಾಡಿ ಆಡಿಸುವ ಪ್ರಯೋಗ ನಡೆದಿದೆ. ನಮ್ಮ ಜಾತ್ರೆಯ ಜೋಡಿ ಹಚ್ಚುವಿಕೆಯ ಸೋದರನೇ ಅದು. ಒಮ್ಮೆ ಅಳೆಯುವುದಕ್ಕಿಂತ ಆರು ತಿಂಗಳಿಗೊಮ್ಮೆ ಅಳೆದು ಏರಿಕೆಯನ್ನು ನೋಡುವುದು ಲೇಸು. ತಿರಸ್ಕೃತರಿಗೆ ಎರಡು ವರ್ಷ ಬಿಟ್ಟು ಮತ್ತೆ ಬಾಗಿಲು ತೆರೆದಿರಬೇಕು. ಆರ್ನೆ ಗ್ಯುಲಿಕ್ ಮತ್ತು ಸಂಗಡಿಗರು 2021ರಲ್ಲಿ 51 ಅಧ್ಯಯನಗಳನ್ನು ಒಟ್ಟುಗೂಡಿಸಿ 6,096 ಕ್ರೀಡಾಪಟುಗಳ ವೃತ್ತಾಂತವನ್ನು ಪರಿಶೀಲಿಸಿದರು. ವಿಶ್ವಶ್ರೇಷ್ಠರು ಅವರಿಗಿಂತ ಒಂದು ಮೆಟ್ಟಿಲು ಕೆಳಗಿನವರಿಗಿಂತ ತಮ್ಮ ಮುಖ್ಯ ಆಟವನ್ನು ತಡವಾಗಿ ಹಿಡಿದಿದ್ದರು, ಬಾಲ್ಯದಲ್ಲಿ ಬೇರೆ ಆಟಗಳನ್ನು ಹೆಚ್ಚಾಗಿ ಆಡಿದ್ದರು, ಮೊದಲಲ್ಲಿ ನಿಧಾನವಾಗಿ ಮೇಲೇರಿದ್ದರು.

ಈ ವಿಷಯವನ್ನು ವಿದ್ಯಾರ್ಥಿಗಳು ತಮ್ಮ ಶಾಲೆಯಲ್ಲಿಯೇ ಪರೀಕ್ಷಿಸಬಹುದು. ಶಾಲೆಯ ಖೋಖೋ, ಕಬಡ್ಡಿ, ಕುಸ್ತಿ ತಂಡಗಳ ಹಿಂದಿನ ಐದಾರು ವರ್ಷಗಳ ಪಟ್ಟಿಯನ್ನು ಪಡೆದು, ಆಟಗಾರರ ಜನ್ಮಮಾಸಗಳನ್ನು ಮೂರು ಮೂರು ತಿಂಗಳ ನಾಲ್ಕು ಭಾಗಗಳಾಗಿ ಎಣಿಸಿರಿ. ಒಂದೇ ತಂಡದ ಹನ್ನೆರಡು ಹೆಸರು ಸಾಲವು. ಅರುವತ್ತು ಎಪ್ಪತ್ತಾದರೂ ಬೇಕು. ಎಲ್ಲ ತಿಂಗಳಲ್ಲಿಯೂ ಮಕ್ಕಳು ಸಮನಾಗಿ ಹುಟ್ಟುವುದಿಲ್ಲವಾದ್ದರಿಂದ ಅವೇ ತರಗತಿಗಳ ಎಲ್ಲ ವಿದ್ಯಾರ್ಥಿಗಳ ಜನ್ಮಮಾಸಗಳೊಡನೆ ಹೋಲಿಸತಕ್ಕದ್ದು. ಜೂನ್ 1ರ ಹೆಸರುಗಳು ಅಳತೆ ಮೀರಿ ಕಂಡರೆ ಅವುಗಳನ್ನು ಎರಡೂ ಪಟ್ಟಿಗಳಿಂದ ಬೇರೆ ತೆಗೆದಿಟ್ಟು, ಉಳಿದವನ್ನಷ್ಟೇ ಎಣಿಸಿರಿ.