ಹೊಸ ಸೌದೆ ಒಲೆಗೆ ನಿಮ್ಮ ಕಟ್ಟೆ ಸಿದ್ಧವಿದೆಯೇ?

ಅಡಿಕೆ ಸುಲಿತ ಮುಗಿದು ಮಳೆಗಾಲಕ್ಕೆ ಇನ್ನೂ ಎರಡು ಮೂರು ತಿಂಗಳಿರುವಾಗ ಮಲೆನಾಡು, ಕರಾವಳಿಯ ಮನೆಗಳಲ್ಲಿ ರಿಪೇರಿ ಕೆಲಸ ಶುರುವಾಗುತ್ತದೆ. ಹಂಚು ಕೈಯಾಡಿಸುತ್ತಾರೆ, ಬಚ್ಚಲು ಸರಿಮಾಡುತ್ತಾರೆ. ಹೊಗೆ ಉಗುಳುವ ಹಳೆಯ ಒಲೆಯನ್ನು ಒಡೆದು, ಚಿಮಣಿ ಇರುವ ಹೊಸ ಒಲೆ ಕೂರಿಸುವ ಕೆಲಸಕ್ಕೂ ಇದೇ ಸಕಾಲ. ಮನೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರಿಗೆ, ದನಗಳ ಅಕ್ಕಚ್ಚಿಗೆ, ನಾಲ್ಕು ಜನ ಹೆಚ್ಚಿಗೆ ಬಂದ ದಿನದ ಅಡುಗೆಗೆ ಸೌದೆ ಒಲೆಯೇ ಬೇಕು. ತೋಟದಲ್ಲಿ ಮಟ್ಟೆ, ಕರಟ, ಒಣ ಕೊಂಬೆ ಬೇಕಾದಷ್ಟು ಬಿದ್ದಿರುತ್ತದೆ.

ಒಲೆ ಕೊಳ್ಳುವಾಗ ಎಲ್ಲರೂ ವಿಚಾರಿಸುವುದು ಬೆಲೆ ಎಷ್ಟು, ಸೌದೆ ಎಷ್ಟು ಉಳಿಯುತ್ತದೆ ಎಂದು. ಅದನ್ನು ಯಾವುದರ ಮೇಲೆ ಇಡುತ್ತೇವೆ, ಅದರ ಬೆನ್ನಿಗೆ ಯಾವ ಗೋಡೆಯಿದೆ, ಕೊಳವೆ ಮಾಡಿನಲ್ಲಿ ಎಲ್ಲಿ ತೂರುತ್ತದೆ ಎಂದು ಕೇಳುವವರು ಕಡಿಮೆ. ಬೆಂಕಿ ಅನಾಹುತದ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ.

ಮೂರು ಕಲ್ಲಿನ ತೆರೆದ ಒಲೆಯಲ್ಲಿ ಬಿಸಿ ನಾಲ್ಕೂ ಕಡೆ ಚದುರಿ, ಹೊಗೆ ಹಂಚಿನ ಸಂದಿಯಲ್ಲಿ ಹೊರಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರ ರೂಪಿಸಿದ ಅಸ್ತ್ರ ಒಲೆ ಈ ಪದ್ಧತಿಯನ್ನೇ ಬದಲಿಸಿತು. ಸೌದೆಯ ಕೆಳಗೆ ಗಾಳಿಯಾಡುವ ಜಾಲರಿ, ಮುಚ್ಚಿದ ಬೆಂಕಿಗೂಡು, ಪಾತ್ರೆ ಸರಿಯಾಗಿ ಕೂರುವ ಬಾಯಿ, ಹೊಗೆಗೊಂದು ಕೊಳವೆ. ಇಂದು ಸಿಗುವ ಅನೇಕ ಚಿಮಣಿ ಒಲೆಗಳು ಇದೇ ತತ್ತ್ವದವು. ಸೌದೆ ಉಳಿಯುತ್ತದೆ, ಅಡುಗೆಮನೆಯವರ ಕಣ್ಣು, ಎದೆಗೂ ನೆಮ್ಮದಿ. ಆದರೆ ಮುಚ್ಚಿದ ಗೂಡಿನೊಳಗೆ ಕಾವು ಹೆಚ್ಚು. ಆ ಬಿಸಿ ಹೊಗೆ ನೇರವಾಗಿ ಪಕಾಸು, ರೀಪುಗಳ ಪಕ್ಕದಲ್ಲೇ ಮೇಲೇರುತ್ತದೆ. ಹಳೆಯ ಒಲೆಗೆ ಸಾಕಾಗಿದ್ದ ಕಟ್ಟೆ, ಗೋಡೆ ಹೊಸದಕ್ಕೂ ಸಾಕು ಎಂದುಕೊಳ್ಳಬೇಡಿ.

ಮೊದಲು ಕಟ್ಟೆ. ಬೆಂಕಿ ತಗಲುವ ಜಾಗಕ್ಕೆ ಸಿಮೆಂಟ್ ಗಾರೆ ಬೇಡ, ಬಿಸಿಗೆ ಅದು ಸತ್ವ ಕಳೆದುಕೊಂಡು ಉದುರುತ್ತದೆ. ಚೆನ್ನಾಗಿ ಸುಟ್ಟ ಇಟ್ಟಿಗೆಯನ್ನು ಹುತ್ತದ ಮಣ್ಣು, ಭತ್ತದ ಹೊಟ್ಟು ಕಲಸಿದ ಕೆಸರಿನಲ್ಲಿ ಕಟ್ಟಿ. ಖರ್ಚಿಗೆ ಅಡ್ಡಿಯಿಲ್ಲದಿದ್ದರೆ ಬೆಂಕಿಗೂಡಿನ ಸುತ್ತಲಾದರೂ ಫೈರ್ ಬ್ರಿಕ್ ಹಾಕಿಸಿ. ಹೊಳೆಯಿಂದ ತಂದ ಕಲ್ಲು ಮಾತ್ರ ಖಂಡಿತ ಬೇಡ. ಅದರೊಳಗೆ ಉಳಿದ ನೀರು ಬಿಸಿಯಾಗಿ ಆವಿಯಾದರೆ ಕಲ್ಲು ಸಿಡಿಯುತ್ತದೆ, ಚೂರು ಕಣ್ಣಿಗೇ ಹಾರಬಹುದು.

ತಾರಸಿ ಮನೆಯ ಮೇಲಂತಸ್ತಿನಲ್ಲಿ ಒಲೆ ಇಡುವವರು ಬೆಂಕಿಗೂಡನ್ನು ನೇರವಾಗಿ ಸ್ಲ್ಯಾಬಿನ ಮೇಲೆ ಕೂರಿಸಬಾರದು. ನಡುವೆ ಸಂದಿ ಬಿಟ್ಟು ಜೋಡಿಸಿದ ಒಂದು ವರಸೆ ಇಟ್ಟಿಗೆ, ಅದರ ಮೇಲೆ ಇನ್ನೊಂದು ವರಸೆ ಇದ್ದರೆ ಗಾಳಿಯಾಡಿ ಸ್ಲ್ಯಾಬಿಗೆ ಬಿಸಿ ಇಳಿಯುವುದಿಲ್ಲ. ಹಲಗೆ ಹಾಸಿದ ನೆಲದ ಮೇಲೆ ಒಲೆಯ ಮಾತೇ ಬೇಡ. ಒಲೆಯ ಬಾಯಿ ಮುಂದೆ ಒಂದೂವರೆ ಅಡಿ ಜಾಗ ಕಲ್ಲು ಅಥವಾ ಗಾರೆಯದ್ದೇ ಇರಬೇಕು. ಸೌದೆ ಎಳೆಯುವಾಗ ಕೆಂಡ ಬೀಳುವುದು ಅಲ್ಲಿಗೇ. ಕಟ್ಟೆ ಎಷ್ಟು ಎತ್ತರವಿರಬೇಕು ಎಂಬುದನ್ನು ಮೇಸ್ತ್ರಿ ನಿರ್ಧರಿಸುವುದು ಸರಿಯಲ್ಲ. ಒಲೆಯ ಮುಂದೆ ದಿನಾ ನಿಲ್ಲುವವರನ್ನು ನಿಲ್ಲಿಸಿ, ಕುದಿಯುವ ಪಾತ್ರೆಯನ್ನು ಬಾಗದೆ ಎತ್ತಲು ಅವರಿಗೆ ಎಷ್ಟು ಎತ್ತರ ಬೇಕೋ ಅಷ್ಟಕ್ಕೆ ಗುರುತು ಹಾಕಿ.

ಕಟ್ಟೆಯ ಅಡಿಯಲ್ಲಿ ಗೂಡು ಬಿಟ್ಟು ಅಲ್ಲೇ ಸೌದೆ ತುಂಬಿಡುವ ರೂಢಿ ನಮ್ಮಲ್ಲಿದೆ. ಒಲೆಯ ಮೇಲಿನ ಅಟ್ಟದಲ್ಲಿ ಸೋಗೆ, ಹಾಳೆ, ಒದ್ದೆ ಸೌದೆ ಒಣಗಲು ಇಡುವುದೂ ಇದೆ. ಹೊಸ ಒಲೆ ಬಂದ ದಿನವೇ ಇವೆರಡನ್ನೂ ಬಿಟ್ಟುಬಿಡಿ.

ಇನ್ನು ಕೊಳವೆ. ಇದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಒಂಟಿ ತಗಡಿನ ಕೊಳವೆಗೂ ಮರದ ಯಾವುದೇ ಭಾಗಕ್ಕೂ ಒಂದೂವರೆ ಅಡಿ ಅಂತರವಿರಬೇಕು. ‘ಬಿಸಿ ಅಷ್ಟೇನಿಲ್ಲ, ಕೈ ಇಡಬಹುದು’ ಎಂದು ಸಮಾಧಾನ ಪಡಬೇಡಿ. ವರ್ಷಗಟ್ಟಲೆ ಕಾವು ತಿಂದ ಮರ ಒಳಗೊಳಗೇ ಕರಕಲಾಗಿ, ಹಸನಾದ ಮರ ಹೊತ್ತುವುದಕ್ಕಿಂತ ಬಹಳ ಕಡಿಮೆ ಬಿಸಿಗೇ ಹೊತ್ತಿಕೊಳ್ಳುತ್ತದೆ. ಹತ್ತು ವರ್ಷ ಏನೂ ಆಗದ ಮನೆಗೆ ಹನ್ನೊಂದನೆಯ ವರ್ಷ ಬೆಂಕಿ ಬೀಳಬಹುದು. ಮಾಡಿನಲ್ಲಿ ಕೊಳವೆ ತೂರುವಲ್ಲಿ ಅಷ್ಟು ಜಾಗ ಸಿಗುವುದಿಲ್ಲ ಎಂದಾದರೆ ಅಡ್ಡ ಬರುವ ರೀಪನ್ನು ಕತ್ತರಿಸಿ ಪಕ್ಕದ ಪಕಾಸಿಗೆ ಕೂಡಿಸಿ, ಕೊಳವೆಯ ಸುತ್ತ ಅದಕ್ಕಿಂತ ಅಗಲವಾದ ಇನ್ನೊಂದು ತಗಡಿನ ಕೊಳವೆ ಹಾಕಿ ನಡುವೆ ಗಾಳಿ ಆಡುವಂತೆ ಮಾಡಿಸಿ. ಹಂಚು ತೆಗೆದ ಜಾಗಕ್ಕೆ ತಗಡು ಹೊದಿಸಿ, ಮಳೆನೀರು ಇಳಿಯದಂತೆ ಮೇಲಿನ ಹಂಚಿನಡಿ ಸೇರಿಸಿ. ಇದನ್ನೆಲ್ಲ ಮಾಡುವ ಮೊದಲು ಮಾಡಿನ ಮರಕ್ಕೆ ಅಂಟಿದ ಹಳೆಯ ಇಲ್ಲಣವನ್ನು ಪೂರ್ತಿ ಕೆರೆದು ತೆಗೆಯಬೇಕು. ಇಲ್ಲಣ ಬತ್ತಿಯ ಹಾಗೆ ಉರಿಯುತ್ತದೆ.

ಕೊಳವೆಗೆ ಪಿವಿಸಿ ಪೈಪ್ ಬೇಡ, ಅದು ಕರಗುತ್ತದೆ, ವಿಷದ ಹೊಗೆ ಬಿಡುತ್ತದೆ. ಅಸ್ತ್ರ ಒಲೆಗಳಿಗೆ ಹಿಂದೆ ಹಾಕುತ್ತಿದ್ದ ಆಸ್ಬೆಸ್ಟಾಸ್ ಸಿಮೆಂಟ್ ಪೈಪ್ ಹಲವು ಮನೆಗಳಲ್ಲಿ ಈಗಲೂ ಇದೆ. ಅದನ್ನು ಗರಗಸದಿಂದ ಕೊಯ್ಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಮಾರಕ. ಹೊಸದಾಗಿ ಹಾಕುವವರು ದಪ್ಪ ತಗಡಿನದು ಅಥವಾ ಇಟ್ಟಿಗೆಯದು ಆರಿಸಿ. ತಗಡಿನ ತುಂಡುಗಳನ್ನು ಜೋಡಿಸುವಾಗ ಮೇಲಿನ ತುಂಡಿನ ತುದಿ ಕೆಳಗಿನದರ ಒಳಗೆ ಇಳಿಯಬೇಕು. ಆಗ ಕೊಳವೆಯಲ್ಲಿ ಕೂಡುವ ಡಾಂಬರಿನಂಥ ಅಂಟು ಹೊರಗೆ ಸೋರದೆ ಒಲೆಗೇ ಇಳಿದು ಸುಟ್ಟುಹೋಗುತ್ತದೆ.

ಎತ್ತರಕ್ಕೆ ಅಮೆರಿಕದ ಅಗ್ನಿಸುರಕ್ಷತಾ ನಿಯಮವೊಂದು ನಮ್ಮ ಹಂಚಿನ ಮನೆಗೂ ಹೊಂದುತ್ತದೆ. ಮಾಡಿನಿಂದ ಹೊರಬಂದಲ್ಲಿಂದ ಕೊಳವೆ ಕನಿಷ್ಠ 3 ಅಡಿ ಎದ್ದಿರಬೇಕು. 10 ಅಡಿ ದೂರದೊಳಗಿರುವ ಮಾಡು, ಗೋಡೆಗಳಿಗಿಂತ 2 ಅಡಿ ಎತ್ತರವಿರಬೇಕು. ತಗ್ಗಿದ್ದರೆ ಮಾಡಿಗೆ ಬಡಿದ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುತ್ತದೆ. ಪಕ್ಕದಲ್ಲಿ ಸೋಗೆ ಹೊದಿಸಿದ ಕೊಟ್ಟಿಗೆಯಿದ್ದರೆ ಕಿಡಿಯ ಭಯವಿರುವುದರಿಂದ ಕೊಳವೆಯ ಜಾಗವನ್ನೇ ಬದಲಿಸಿ.

ಗ್ಯಾಸ್ ಸಿಲಿಂಡರ್ ಸೌದೆ ಒಲೆಯಿರುವ ಕೋಣೆಯಲ್ಲಿ ಬೇಡ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲೇ ಹರಿದು ಒಲೆಯ ಕೆಂಡ ಸೇರುತ್ತದೆ. ಕಿಟಕಿಯೊಂದು ಸದಾ ತೆರೆದಿರಲಿ. ಚಳಿಗಾಲದಲ್ಲಿ ಬಚ್ಚಲಿನ ಕಿಟಕಿ, ಬಾಗಿಲು ಮುಚ್ಚಿ ಕೆಂಡ ಉರಿಯಲು ಬಿಟ್ಟರೆ ತುಂಬುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಪ್ರಾಣ ತೆಗೆಯುತ್ತದೆ.

ಕಟ್ಟಿ ಮುಗಿದ ಮರುದಿನವೇ ಹಂಡೆ ಏರಿಸಬೇಡಿ. ಎರಡು ಮೂರು ವಾರ ನೆರಳಲ್ಲಿ ಒಣಗಲಿ. ಆಮೇಲೆ ನಾಲ್ಕೈದು ದಿನ ತೆಂಗಿನ ಗರಿಯ ಸಣ್ಣ ಉರಿ ಸಾಕು. ಬಿರುಕು ಬಿಟ್ಟಲ್ಲಿ ಅದೇ ಮಣ್ಣು ಮೆತ್ತಿ. ಸೌದೆ ಮಾತ್ರ ಹಿಂದಿನ ಬೇಸಿಗೆಯದ್ದಾಗಿರಲಿ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು, ಅದರ ತಣ್ಣನೆಯ ಹೊಗೆಯೇ ಕೊಳವೆಯಲ್ಲಿ ಅಂಟಾಗಿ ಕೂರುವುದು. ಗೇರುಬೀಜದ ಸಿಪ್ಪೆ, ಪ್ಲಾಸ್ಟಿಕ್ ಒಲೆಗೆ ಹಾಕಬೇಡಿ.

ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಗ್ಗಕ್ಕೆ ಕಟ್ಟಿದ ಗೋಣಿಗಂಟನ್ನು ಕೊಳವೆಯಲ್ಲಿ ಎಳೆದು ಮಸಿ ಉದುರಿಸಬೇಕು. ಅದಕ್ಕಾಗಿ ಬುಡದಲ್ಲಿ ಒಂದು ಮುಚ್ಚಳವನ್ನು ಕಟ್ಟುವಾಗಲೇ ಇಡಿಸಿಕೊಳ್ಳಿ. ಕೊಳವೆಯೊಳಗೆ ಗುಡುಗಿನಂಥ ಸದ್ದು ಬಂದರೆ ಮಸಿಗೇ ಬೆಂಕಿ ಬಿದ್ದಿದೆ ಎಂದರ್ಥ. ನೀರು ಸುರಿಯಬೇಡಿ, ಕೊಳವೆ ಸೀಳುತ್ತದೆ. ಒಲೆಯ ಬಾಯಿ, ಗಾಳಿಕಿಂಡಿ ಮುಚ್ಚಿ, ಎಲ್ಲರೂ ಹೊರಬಂದು 101ಕ್ಕೆ ಕರೆಮಾಡಿ.

ಬೂದಿಯೊಳಗಿನ ಕೆಂಡ ಒಂದು ದಿನ ಕಳೆದರೂ ಆರಿರುವುದಿಲ್ಲ. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಮನೆಯಿಂದ ಹೊರಗಿಡಿ. ಪೂರ್ತಿ ತಣಿದ ಮೇಲೆ ತೋಟಕ್ಕೆ ಹಾಕಿ. ಅದರಲ್ಲಿ ಪೊಟ್ಯಾಷ್ ಮತ್ತು ಸುಣ್ಣದ ಅಂಶವಿದೆ, ಮಲೆನಾಡಿನ ಹುಳಿ ಮಣ್ಣಿಗೆ ಒಳ್ಳೆಯದು. ಯೂರಿಯಾದ ಜೊತೆ ಮಾತ್ರ ಬೆರೆಸಬೇಡಿ, ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.