ಇನ್ನೂ ಪ್ರಯತ್ನಿಸುತ್ತಿದೆ

ಒಂದು ಕಡೆ ಕೃಷ್ಣಾನದಿಯ ಬತ್ತಿದ ಪಾತ್ರದ ಕಾದ ಬಂಡೆಗಳು, ಇನ್ನೊಂದು ಕಡೆ ಶಕ್ತಿನಗರದ ಶಾಖೋತ್ಪನ್ನ ಕೇಂದ್ರದ ಹೊಗೆಗೊಳವೆಗಳು. ಇವೆರಡರ ನಡುವೆ ವೈಶಾಖವನ್ನು ಕಳೆಯದವರಿಗೆ, ನಿರ್ಜೀವ ಯಂತ್ರವೊಂದು ಬಿಸಿಲಿಗೆ ಪ್ರಾಣಬಿಟ್ಟಿತೆಂದರೆ ಅತಿಶಯೋಕ್ತಿಯಾಗಿಯೇ ತೋರೀತು. ದೇವಸುಗೂರಿನಲ್ಲಿ, ಬಾಡಿಗೆ ಮನೆಯೊಂದರ ಮೇಲಣ ಕೋಣೆಯಲ್ಲಿ, 1956ಕ್ಕೆ ಮೊದಲು ಈ ಸೀಮೆಯೆಲ್ಲ ಹೈದರಾಬಾದು ರಾಜ್ಯದಲ್ಲಿ ಇದ್ದ ಕಾಲದ ಉರ್ದು ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಕಾಪಿಡುವ ಕಾರ್ಯವನ್ನು ನಾವು ನಾಲ್ವರು ನಡೆಸುತ್ತಿದ್ದೆವು. ಚಿತ್ರಗಳೆಲ್ಲವೂ ಒಂದು ಸರ್ವರಿನಲ್ಲಿ ಶೇಖರವಾಗುತ್ತಿದ್ದವು. ಅದರ ಯೋಗಕ್ಷೇಮ ನನ್ನ ಪಾಲಿನದು. ಆ ಬೇಸಗೆಯ ಒಂದು ಶನಿವಾರ ಕೋಣೆಯ ಗಣಕಗಳನ್ನು ಸರ್ವರಿಗೆ ಜೋಡಿಸುವ ನೆಟ್‌ವರ್ಕ್ ಸ್ವಿಚ್ಚು ಬಿಸಿಲಿಗೆ ಕೆಟ್ಟಿತು. ರಾಯಚೂರಿನಿಂದ ಹೊಸದನ್ನು ತರಿಸಿ ಅಂದು ಸಂಜೆಯೇ ಜೋಡಿಸಿ, ಪ್ರತಿಯೊಂದು ತಂತಿಯ ಬಳಿಯೂ ಹಸುರು ದೀಪ ಮಿನುಗುವುದನ್ನು ಕಂಡು, ಕೆಲಸ ಮುಗಿಯಿತೆಂಬ ಸಮಾಧಾನದಿಂದ ಮನೆಗೆ ಹೋದೆನು.

ಸೋಮವಾರ ಬೆಳಿಗ್ಗೆ ನಮ್ಮ ಹುಡುಗನೊಬ್ಬನು ಬಾಗಿಲಲ್ಲಿಯೇ ಎದುರುಗೊಂಡು, "ಸರ, ಫೋಲ್ಡರ್ ತೆರಿತೈತ್ರಿ, ಖರೆ ಚಿತ್ರ ತೆರೀವಲ್ದು. ಹಂಗ ನಿಂತುಬಿಟ್ಟೈತಿ" ಎಂದನು. ಆ ಒಂದು ವಾಕ್ಯದಲ್ಲಿ ರೋಗದ ನಿದಾನವೆಲ್ಲವೂ ಅಡಗಿದ್ದಿತು. ಆದರೆ ನಾನು ಅದರ ಉತ್ತರಾರ್ಧವನ್ನು ಮಾತ್ರ ಕೇಳಿಸಿಕೊಂಡೆನು.

ಇಲ್ಲಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯ ಸ್ವಭಾವವನ್ನು ಸ್ವಲ್ಪ ಹೇಳಬೇಕು. ದೂರದ ಯಂತ್ರದ ಕಡತಗಳನ್ನು ತನ್ನವೇ ಎಂಬಂತೆ ಬಳಸಲು ಗಣಕಕ್ಕೆ ಅನುವು ಮಾಡಿಕೊಡುವ ಈ ವ್ಯವಸ್ಥೆಯನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿತು. ಸರ್ವರು ನಡುವೆ ಕುಸಿದುಬಿದ್ದರೂ, ಅದು ಮತ್ತೆ ಎದ್ದುಬರುವವರೆಗೆ ಕೇಳಿದ್ದನ್ನೇ ಕೇಳುತ್ತ ಕಾದಿದ್ದು, ಬಂದೊಡನೆ ಏನೂ ಆಗಿಲ್ಲವೆಂಬಂತೆ ಕೆಲಸವನ್ನು ಮುಂದುವರಿಸಬೇಕೆಂಬುದು ಅದರ ನಿರ್ಮಾತೃಗಳ ಸಂಕಲ್ಪ. ಹಾರ್ಡ್ ಮೌಂಟ್ ಎಂಬ ಬಗೆಯ ಜೋಡಣೆಯಲ್ಲಿ ಈ ಕಾಯುವಿಕೆಗೆ ಗಡುವೇ ಇಲ್ಲ. ಸರ್ವರು ಉತ್ತರಿಸುತ್ತಿಲ್ಲ, ಇನ್ನೂ ಪ್ರಯತ್ನಿಸುತ್ತಿದೆ ಎಂಬ ಅರ್ಥದ ಒಂದು ಸಾಲನ್ನು ಗಣಕದ ದಿನಚರಿಯಲ್ಲಿ (ಲಾಗ್) ಬರೆದಿಟ್ಟು, ಅದು ಸುಮ್ಮನೆ ಕುಳಿತುಬಿಡುತ್ತದೆ.

ನನಗಾದರೋ ಅಷ್ಟು ತಾಳ್ಮೆ ಇರಲಿಲ್ಲ. ಯಾವ ಡಿಸ್ಕು ತುಂಬಿದೆಯೆಂದು ನೋಡಲು 'ಡಿಎಫ್' ಆಜ್ಞೆಯನ್ನು ಕೊಟ್ಟೆನು. ಅದು ನಿಂತುಹೋದ ಆ ಸರ್ವರನ್ನೇ ವಿಚಾರಿಸಹೊರಟು ತಾನೂ ನಿಂತಿತು. ಮತ್ತೊಂದು ಕಿಟಕಿ ತೆರೆದು ಅದೇ ಆಜ್ಞೆಯನ್ನು ಕೊಟ್ಟೆನು, ಅದೂ ನಿಂತಿತು. ಬಾವಿಗೆ ಬಿದ್ದ ಕೊಡವನ್ನೆತ್ತಲು ಇಳಿಬಿಟ್ಟ ಹಗ್ಗಗಳೆಲ್ಲ ಒಂದೊಂದಾಗಿ ನೀರುಪಾಲಾದಂತಾಯಿತು. ಯಾರನ್ನೂ ಕೇಳಹೋಗದೆ, ತನ್ನ ಕರ್ನೆಲ್ಲಿಗೆ ತಿಳಿದಷ್ಟನ್ನು ಮಾತ್ರ ಹೇಳುವ 'ಪ್ರಾಕ್ ಮೌಂಟ್ಸ್' ಕಡತವನ್ನು ಮೊದಲು ಓದಬೇಕಾಗಿದ್ದಿತೆಂಬುದು ಆಮೇಲೆ ತಿಳಿಯಿತು. ಯಂತ್ರದ ಹೊರೆಯನ್ನು ಸೂಚಿಸುವ ಲೋಡ್ ಆವರೇಜ್ 40ನ್ನು ಮೀರಿದ್ದರೂ ಪ್ರೊಸೆಸರು ಮಾತ್ರ ನಿರುದ್ಯೋಗಿಯಾಗಿ ಕುಳಿತಿತ್ತು; ಲಿನಕ್ಸಿನಲ್ಲಿ 'ಡಿ' ಸ್ಥಿತಿಯಲ್ಲಿ ಕಾದಿರುವ ಪ್ರಕ್ರಿಯೆಗಳೂ ಆ ಲೆಕ್ಕಕ್ಕೆ ಸೇರುತ್ತವೆಂಬುದನ್ನು ಮರೆತು, ಯಂತ್ರಕ್ಕೆ ದಣಿವಾಗಿದೆಯೆಂದು ನಾನು ಭಾವಿಸಿದೆನು. ಕೊಲ್ಲುವ ಆಜ್ಞೆ ಕೊಟ್ಟರೆ ಕೆಲವು ಸತ್ತವು, ಕೆಲವು ಸಾಯಲೊಲ್ಲವು. ಕೊನೆಗೆ ಸರ್ವರನ್ನೂ ಗಣಕಗಳನ್ನೂ ಮುಚ್ಚಿ ತೆರೆದೆನು. ಫೋಲ್ಡರುಗಳು ತೆರೆದವು, ಎಲ್ಲರೂ ನಿಟ್ಟುಸಿರು ಬಿಟ್ಟರು. ಮೊದಲನೆಯ ದೊಡ್ಡ ಚಿತ್ರವನ್ನು ತೆರೆಯುವಷ್ಟರಲ್ಲಿ ಮತ್ತೆ ಅದೇ ಸ್ತಬ್ಧತೆ. ಒಂದೇ ದಿನದಲ್ಲಿ ಮೂರು ಬಾರಿ ಈ ಮಿಥ್ಯಾ ಆರೋಗ್ಯವನ್ನು ಕಂಡು ಮೋಸಹೋದೆನು.

ಆ ರಾತ್ರಿ ಮಾಡಿದ ತಪ್ಪನ್ನು ಹೇಳಿಕೊಳ್ಳಲು ಇಂದಿಗೂ ಸಂಕೋಚವಾಗುತ್ತದೆ. ಕಾಯುವುದೇ ರೋಗವೆಂದು ನಿಶ್ಚಯಿಸಿ, ಹಾರ್ಡ್ ಇದ್ದುದನ್ನು ಸಾಫ್ಟ್ ಮೌಂಟ್ ಮಾಡಿದೆನು. ಅಂದರೆ ಇಷ್ಟು ಹೊತ್ತು ಕಾದು, ಆಮೇಲೆ ಕೈಚೆಲ್ಲು ಎಂದು ಯಂತ್ರಕ್ಕೆ ಅಪ್ಪಣೆಯಿತ್ತೆನು. ಮರುದಿನ ಯಾವುದೂ ನಿಲ್ಲಲಿಲ್ಲ. ನಮ್ಮ ಸ್ಕ್ಯಾನಿಂಗ್ ತಂತ್ರಾಂಶಕ್ಕೆ ದೋಷದ ಸೂಚನೆ ಬಂದರೂ ಅದನ್ನು ಲೆಕ್ಕಿಸದೆ ಮುಂದಿನ ಹಾಳೆಗೆ ಹೋಗುವ ಚಾಳಿಯಿದ್ದುದರಿಂದ, ಸಂಜೆಯ ವೇಳೆಗೆ ಮೇಲರ್ಧದಲ್ಲಿ ಉರ್ದು ಅಕ್ಷರಗಳೂ ಕೆಳಗಿನರ್ಧದಲ್ಲಿ ಬರಿಯ ಬೂದುಬಣ್ಣವೂ ಇದ್ದ ಚಿತ್ರಗಳು ರಾಶಿ ಬಿದ್ದಿದ್ದವು. ಎರಡು ಕಟ್ಟು ಕಾಗದಗಳನ್ನು ಮತ್ತೆ ಮೊದಲಿನಿಂದ ಸ್ಕ್ಯಾನ್ ಮಾಡಬೇಕಾಯಿತು. ಮುಟ್ಟಿದರೆ ಮುರಿಯುವ ಆ ಹಾಳೆಗಳನ್ನು ಎರಡನೆಯ ಸಲ ಗಾಜಿನ ಮೇಲಿಡುವಾಗ ಉಂಟಾದ ಅಪರಾಧಭಾವವನ್ನು ನಾನು ಮರೆತಿಲ್ಲ.

ಬುಧವಾರ ಆ ಹುಡುಗನೇ ದಾರಿ ತೋರಿದನು. ಮೂಲೆಯಲ್ಲಿ, ಗುಜರಿಗೆ ಹಾಕಬೇಕೆಂದು ಇಟ್ಟಿದ್ದ ಮುದಿಗಣಕವೊಂದಿದ್ದಿತು. "ಸರ, ಅದರಾಗ ಎಲ್ಲಾ ಚಿತ್ರ ತೆರಿತಾವರಿ" ಎಂದನು. ಹೊಸವು ಸೋತಲ್ಲಿ ಹಳೆಯದು ಗೆದ್ದಿತೇಕೆ? ವೇಗ ಹೆಚ್ಚಲೆಂದು ಸರ್ವರಿಗೂ ಹೊಸ ಗಣಕಗಳಿಗೂ ಜಂಬೋ ಫ್ರೇಮ್ ಎಂಬ 9000 ಬೈಟಿನ ದೊಡ್ಡ ಹೊರೆಗಳನ್ನು ಕಳುಹಿಸುವ ಏರ್ಪಾಡನ್ನು ಹಿಂದೆ ನಾನೇ ಮಾಡಿದ್ದೆನು. ಮುದಿಗಣಕವು ಎಂದಿನ 1500 ಬೈಟಿನಲ್ಲಿಯೇ ಉಳಿದಿದ್ದಿತು. ಹೊಸ ಗಣಕವೊಂದರಿಂದ ಸರ್ವರಿಗೆ, ಒಡೆಯಬಾರದೆಂಬ ಕಟ್ಟಳೆಯೊಡನೆ, ಪಿಂಗ್ ಎಂಬ 1472 ಬೈಟಿನ ಪರೀಕ್ಷಾ ಸಂದೇಶವನ್ನು ಕಳುಹಿಸಿದೆನು, ಉತ್ತರ ಬಂದಿತು. 8972 ಬೈಟಿನದನ್ನು ಕಳುಹಿಸಿದೆನು, ನಿಶ್ಶಬ್ದ.

ರೈಲು ಹಳಿಯ ಕೆಳಗಿನ ದಾರಿಯ ಬಾಯಲ್ಲಿ ಎತ್ತರದ ಮಿತಿಗಾಗಿ ಕಬ್ಬಿಣದ ತೊಲೆ ಹಾಕಿರುತ್ತಾರಷ್ಟೆ: ಸೈಕಲ್ಲು, ಆಟೋ, ಎತ್ತಿನ ಗಾಡಿಗಳು ಸಲೀಸಾಗಿ ನುಸುಳುತ್ತವೆ, ಹಾರುಬೂದಿ ತುಂಬಿದ ಬಲ್ಕರ್ ಲಾರಿ ಮಾತ್ರ ಹೊರಗೇ ನಿಲ್ಲುತ್ತದೆ. ಹೊಸ ಸ್ವಿಚ್ಚಿನಲ್ಲಿ ಅಂಥದೊಂದು ತೊಲೆ ಅಗೋಚರವಾಗಿ ಇದ್ದಿತು. ಮೌಂಟ್ ಮಾಡುವ ಮಾತು ಸಣ್ಣದು, ಫೋಲ್ಡರಿನ ಪಟ್ಟಿ ಸಣ್ಣದು, ಎಂದಿನ ಪಿಂಗ್ ಇನ್ನೂ ಸಣ್ಣದು, ಚಿತ್ರವೊಂದೇ ದೊಡ್ಡದು. ಲಾರಿಯಾದರೆ ನಿಂತು ಹಾರನ್ನಾದರೂ ಹೊಡೆದೀತು. ಸ್ವಿಚ್ಚು ತನಗೆ ಮೀರಿದ ಹೊರೆಯನ್ನು ಯಾರಿಗೂ ಹೇಳದೆ ಚೆಲ್ಲಿಬಿಡುತ್ತದೆ. ಹಸುರು ದೀಪಕ್ಕೆ ಇದಾವುದೂ ತಿಳಿಯದು.

ಸ್ವಿಚ್ಚಿನೊಳಗಿನ ಅಂಕಿಯನ್ನು 1518ರಿಂದ 9216ಕ್ಕೆ ಏರಿಸಿ, ಹಾರ್ಡ್ ಮೌಂಟನ್ನು ಪುನಃ ಸ್ಥಾಪಿಸುವುದಕ್ಕೆ ಹದಿನೈದು ನಿಮಿಷವೂ ಹಿಡಿಯಲಿಲ್ಲ. ಆಗ ನೆನಪಾಯಿತು: ಸೋಮವಾರ ಮಧ್ಯಾಹ್ನದಿಂದ ರಜೆಯ ಮೇಲೆ ಹೋಗಿದ್ದ ಗೆಳೆಯನೊಬ್ಬನ ಗಣಕವನ್ನು, ಬೀಗ ಹಾಕಿದ ಪರದೆಯ ಕಾರಣದಿಂದ, ನಾನು ಮುಟ್ಟಿಯೇ ಇರಲಿಲ್ಲ. ಅವನು ಅಂದು ಬೆಳಿಗ್ಗೆ ಆರಂಭಿಸಿದ್ದ ನಕಲು ಅದರಲ್ಲಿ ಎರಡು ದಿನದಿಂದ ನಿಂತಲ್ಲೇ ನಿಂತಿದ್ದಿತು. ಅವನಿಗೆ ಫೋನು ಮಾಡಿ ಗುಪ್ತಪದವನ್ನು ಕೇಳಿ ತೆರೆದು ನೋಡುವಷ್ಟರಲ್ಲಿ ದಿನಚರಿಯ ಕೊನೆಯ ಸಾಲು ಬದಲಾಗಿತ್ತು; ಕಡತಗಳು ಒಂದೊಂದಾಗಿ ಸರ್ವರಿನ ಕಡೆಗೆ ನಡೆಯುತ್ತಿದ್ದವು. ಹುಡುಗನೂ ನಾನೂ ಕುರ್ಚಿ ಎಳೆದುಕೊಂಡು ಕುಳಿತು ಅವುಗಳನ್ನು ತೆರೆದು ತೆರೆದು ನೋಡಿದೆವು. ಒಂದರಲ್ಲಿಯೂ ಬೂದುಬಣ್ಣ ಇರಲಿಲ್ಲ.